ದಾಸವಾಳ ಕಪ್ಪಾದದ್ದು ಯಾಕೆ?

ಹಳೆ ಲ್ಯಾಪ್‌ಟಾಪಿನ ಪೋರ್ಟುಗಳು ಕಲಿಸಿದ ಪಾಠ

ಎಸ್ಸೆಸ್ಸೆಲ್ಸಿ ಮಕ್ಕಳ ಐಟಿ ಪ್ರಾಯೋಗಿಕ ಪರೀಕ್ಷೆಗೆ ಇನ್ನು ಒಂದೇ ವಾರ ಇತ್ತು. ನಮ್ಮ ಲ್ಯಾಬಿನಲ್ಲಿ ಹೆಸರಿಗೆ ಹದಿನಾಲ್ಕು ಲ್ಯಾಪ್‌ಟಾಪ್, ನಡೆಯುವುದು ಹನ್ನೊಂದು. ಉಳಿದ ಮೂರು ಹಳೆಯವು. ಅವುಗಳ ಬೆನ್ನಿಗೆ ನಾನೇ ಚೀಟಿ ಅಂಟಿಸಿದ್ದೆ. ಒಂದರಲ್ಲಿ "ಪ್ರೊಜೆಕ್ಟರಿನಲ್ಲಿ ಬಣ್ಣ ಸರಿ ಇಲ್ಲ", ಇನ್ನೊಂದರಲ್ಲಿ "ಪೆನ್‌ಡ್ರೈವ್ ಹಿಡಿಯುವುದಿಲ್ಲ", ಮೂರನೆಯದರಲ್ಲಿ "ಚಾರ್ಜ್ ಆಗುವುದಿಲ್ಲ". ವರ್ಷದ ಕೊನೆಗೆ ಮೂರನ್ನೂ ಗುಜರಿಯ ಪಟ್ಟಿಗೆ ಸೇರಿಸುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಯೂ ಆಗಿತ್ತು.

ಹನ್ನೊಂದು ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ನಡೆಸಿದರೆ ಕೊನೆಯ ಬ್ಯಾಚಿನ ಮಕ್ಕಳಿಗೆ ಸಂಜೆಯ ಬಸ್ಸು ತಪ್ಪುತ್ತದೆ. ನಮ್ಮ ಕಡೆಯ ಒಳ ಊರುಗಳಿಗೆ ಆ ಬಸ್ಸು ತಪ್ಪಿದರೆ ಮತ್ತೆ ನಡೆಯುವುದೇ ಗತಿ. ಹಾಗಾಗಿ ಆ ಮೂರು ಚೀಟಿಗಳನ್ನು ಇನ್ನೊಮ್ಮೆ ನೋಡಬೇಕಾಗಿ ಬಂತು. ನೋಡಿದ್ದು ನಾನೊಬ್ಬನೇ ಅಲ್ಲ, ನಮ್ಮ ಲಿಟಲ್ ಕೈಟ್ಸ್ ಮಕ್ಕಳೂ ಸೇರಿದರು. ಕೇರಳದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಐಟಿ ಕ್ಲಬ್ಬುಗಳು 2018ರಲ್ಲಿ ಶುರುವಾದದ್ದು ನಿಮಗೆ ಗೊತ್ತಿರಬಹುದು. ಅದಕ್ಕೂ ಮೊದಲು ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಇತ್ತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಆ ಹೊತ್ತಿನಿಂದ ಲ್ಯಾಪ್‌ಟಾಪ್, ಪ್ರೊಜೆಕ್ಟರುಗಳು ತರಗತಿಯ ಒಳಗೇ ಬಂದವು. ಬಂದ ವಸ್ತು ಹಳೆಯದಾಗುವುದೂ ಸಹಜವೇ.

ಮಕ್ಕಳೇ, ಈ ಲೇಖನ ಆ ಮೂರು ಚೀಟಿಗಳ ಕತೆ.

ಮೊದಲು, ಪೋರ್ಟ್ ಅಂದರೇನು?

ಪೋರ್ಟ್ ಅಂದರೆ ಬಂದರು ಎಂದು ಸಮಾಜ ವಿಜ್ಞಾನದಲ್ಲಿ ಓದಿದ್ದೇವೆ. ಹಡಗು ಬರುತ್ತದೆ, ಸರಕು ಇಳಿಯುತ್ತದೆ, ಬೇರೆ ಸರಕು ಏರುತ್ತದೆ. ಲ್ಯಾಪ್‌ಟಾಪಿನ ಬದಿಯಲ್ಲಿರುವ ತೂತುಗಳ ಕೆಲಸವೂ ಅದೇ. ಮಾಹಿತಿಯೂ ವಿದ್ಯುತ್ತೂ ಒಳಗೆ ಹೋಗುವುದು, ಹೊರಗೆ ಬರುವುದು ಅಲ್ಲಿಂದಲೇ. ಆದರೆ ಒಂದು ವ್ಯತ್ಯಾಸ ಉಂಟು. ಲ್ಯಾಪ್‌ಟಾಪಿನೊಳಗಿನ ಹೆಚ್ಚಿನ ಭಾಗಗಳು ಪೆಟ್ಟಿಗೆಯೊಳಗೆ ಭದ್ರವಾಗಿವೆ. ಪೋರ್ಟ್ ಮಾತ್ರ ಹೊರಗಿನ ಧೂಳು, ಬೆವರು, ಮಳೆಗಾಳಿ, ನಮ್ಮ ಕೈಯ ಅವಸರ, ಎಲ್ಲವನ್ನೂ ತಾಳಿಕೊಳ್ಳಬೇಕು. ಆದ್ದರಿಂದ ಹಳೆ ಲ್ಯಾಪ್‌ಟಾಪಿನಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಪೋರ್ಟೂ ಒಂದು.

ಮೊದಲ ಚೀಟಿ: ಬಣ್ಣ ಕಳೆದುಕೊಂಡ ಪರದೆ

ಮೊದಲ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದೆವು. ಪರದೆಯಲ್ಲಿ ಬಿಳಿ ಇರಬೇಕಾದಲ್ಲಿ ಹಸಿರು ಮಿಶ್ರಿತ ನೀಲಿ. ಗಿಡದ ಚಿತ್ರವೊಂದನ್ನು ತೆರೆದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು:

"ಸರ್, ಎಲೆ ಸರಿಯಾಗಿ ಹಸಿರೇ ಉಂಟು. ದಾಸವಾಳ ಮಾತ್ರ ಯಾಕೆ ಕಪ್ಪು ಕಾಣ್ತದೆ?"

ಅವಳ ಪ್ರಶ್ನೆಯಲ್ಲೇ ಉತ್ತರ ಅರ್ಧ ಇತ್ತು. ಹಸಿರು ಬರುತ್ತದೆ, ನೀಲಿ ಬರುತ್ತದೆ, ಕೆಂಪು ಮಾತ್ರ ಬರುವುದಿಲ್ಲ.

ಹಳೆ ಲ್ಯಾಪ್‌ಟಾಪುಗಳಲ್ಲಿ ಪ್ರೊಜೆಕ್ಟರಿಗೆಂದು ಇರುವ ಅಗಲವಾದ ಪೋರ್ಟಿಗೆ ವಿಜಿಎ ಎಂದು ಹೆಸರು. 1987ರಲ್ಲಿ ಐಬಿಎಂ ಕಂಪೆನಿ ತಂದದ್ದು. ಮೂರು ಸಾಲಿನಲ್ಲಿ 15 ತೂತುಗಳು, ಕೇಬಲಿನ ತುದಿಯಲ್ಲಿ ಅದಕ್ಕೆ ತಕ್ಕ ಸಪೂರ ಪಿನ್ನುಗಳು. ಇದರಲ್ಲಿ ಒಂದನೆಯ ಪಿನ್ನು ಕೆಂಪು ಬಣ್ಣಕ್ಕೆ, ಎರಡನೆಯದು ಹಸಿರಿಗೆ, ಮೂರನೆಯದು ನೀಲಿಗೆ. ಪ್ರತಿಯೊಂದು ಬಣ್ಣಕ್ಕೂ ಅದರದ್ದೇ ದಾರಿ.

ಬೆಳಕಿನ ಪಾಠದಲ್ಲಿ ಓದಿದ್ದನ್ನು ನೆನಪಿಸಿಕೊಳ್ಳಿ. ಕೆಂಪು, ಹಸಿರು, ನೀಲಿ ಬೆಳಕು ಸೇರಿದರೆ ಬಿಳಿ. ಅದರಲ್ಲಿ ಕೆಂಪು ಹೋದರೆ ಉಳಿಯುವುದು ಹಸಿರು ಮತ್ತು ನೀಲಿ ಸೇರಿದ ಸಯಾನ್ ಬಣ್ಣ. ಹಸಿರು ಹೋದರೆ ಬಿಳಿಯ ಜಾಗದಲ್ಲಿ ಮಜೆಂಟಾ, ನೀಲಿ ಹೋದರೆ ಹಳದಿ. ಅಂದರೆ ಪರದೆಯ ಬಣ್ಣ ನೋಡಿಯೇ ಯಾವ ಪಿನ್ನಿಗೆ ಏಟು ಬಿದ್ದಿದೆ ಎಂದು ಹೇಳಬಹುದು. ದಾಸವಾಳದ ಹೂವಿನ ಚಿತ್ರದಲ್ಲಿ ಇರುವುದು ಹೆಚ್ಚುಕಡಿಮೆ ಕೆಂಪು ಬೆಳಕು ಮಾತ್ರ. ಅದೂ ಹೋದಾಗ ಆ ಜಾಗದಲ್ಲಿ ಬೆಳಕೇ ಇಲ್ಲ, ಹಾಗಾಗಿ ಕಪ್ಪು.

ಸರಿ, ಕೆಂಪಿನ ದಾರಿ ಎಲ್ಲೋ ಕಡಿದಿದೆ. ಆದರೆ ಎಲ್ಲಿ? ಲ್ಯಾಪ್‌ಟಾಪಿನಲ್ಲೋ, ಕೇಬಲಿನಲ್ಲೋ, ಪ್ರೊಜೆಕ್ಟರಿನಲ್ಲೋ?

ಇಲ್ಲಿ ನಾನು ಮಾಡಿದ್ದ ತಪ್ಪು ಬಯಲಾಯಿತು. ನಮ್ಮ ಹೊಸ ಲ್ಯಾಪ್‌ಟಾಪುಗಳನ್ನು ನಾವು ಎಚ್‌ಡಿಎಂಐ ಕೇಬಲಿನಲ್ಲಿ ಜೋಡಿಸುತ್ತೇವೆ, ವಿಜಿಎ ಕೇಬಲನ್ನು ಮುಟ್ಟುತ್ತಿದ್ದದ್ದು ಈ ಹಳೆಯದಕ್ಕೆ ಮಾತ್ರ. ಹಾಗಾಗಿ ಬಣ್ಣ ಕೆಟ್ಟ ಕೂಡಲೇ ಲ್ಯಾಪ್‌ಟಾಪ್ ಹಾಳು ಎಂದು ಚೀಟಿ ಅಂಟಿಸಿಬಿಟ್ಟಿದ್ದೆ. ಈಗ ಮಕ್ಕಳು ಚೀಟಿ ಅಂಟಿಸಿದ ಎರಡನೆಯ ಲ್ಯಾಪ್‌ಟಾಪನ್ನು ತಂದು ಅದೇ ಕೇಬಲಿಗೆ ಜೋಡಿಸಿದರು. ಅದರಲ್ಲೂ ದಾಸವಾಳ ಕಪ್ಪು! ಅಂದ ಮೇಲೆ ತಪ್ಪು ಲ್ಯಾಪ್‌ಟಾಪಿನದ್ದಲ್ಲ. ಆಫೀಸಿನ ಹಳೆ ಮಾನಿಟರಿನ ವಿಜಿಎ ಕೇಬಲನ್ನು ತಂದು ಹಾಕಿದಾಗ ದಾಸವಾಳ ಕೆಂಪಾಯಿತು. ಪ್ರೊಜೆಕ್ಟರಿನದ್ದೂ ತಪ್ಪಿಲ್ಲ. ಕೇಬಲಿನ ತುದಿಯನ್ನು ಟಾರ್ಚು ಹಾಕಿ ನೋಡಿದರೆ ಮೂಲೆಯ ಪಿನ್ನು ಬಾಗಿ ಒಂದು ಬದಿಗೆ ಮಲಗಿತ್ತು. ಯಾರೋ ಅವಸರದಲ್ಲಿ ಓರೆಯಾಗಿ ಒತ್ತಿದ್ದರು. ಆ ಯಾರೋ ನಾನೇ ಇರಬಹುದು.

ಲೆಡ್ ತೆಗೆದ ಪೆನ್ ಪೆನ್ಸಿಲಿನ ಲೋಹದ ತುದಿಯನ್ನು ಆ ಪಿನ್ನಿನ ಮೇಲೆ ಟೊಪ್ಪಿಯ ಹಾಗೆ ಇಳಿಸಿ, ನಿಧಾನವಾಗಿ ನೆಟ್ಟಗೆ ಮಾಡಿದೆವು. ಸಪೂರ ಲೆಡ್ಡಿನದ್ದಾದರೆ ತುದಿ ಪಿನ್ನಿಗೆ ಇಳಿಯುವುದಿಲ್ಲ, 0.9 ಮಿ.ಮೀ. ಲೆಡ್ಡಿನದ್ದು ಬೇಕು. ಒಂದೇ ಸಲ ಎಳೆದರೆ ಪಿನ್ನು ತುಂಡಾದೀತು. ಸ್ವಲ್ಪ ಸ್ವಲ್ಪವೇ ಎತ್ತಬೇಕು. ಪಿನ್ನುಗಳನ್ನು ಎಣಿಸುವಾಗ ಇನ್ನೊಂದು ಎಚ್ಚರ: ಅನೇಕ ವಿಜಿಎ ಕೇಬಲುಗಳಲ್ಲಿ ನಡುಸಾಲಿನ ಒಂಬತ್ತನೆಯ ಪಿನ್ನು ಮೊದಲೇ ಇರುವುದಿಲ್ಲ. ಅದು ತುಂಡಾದದ್ದಲ್ಲ, ಮಾಡುವಾಗಲೇ ಬಿಟ್ಟದ್ದು.

ಮೊದಲ ಚೀಟಿ ಹರಿದೆವು.

ಒಂದು ಸಲಕ್ಕೆ ಒಂದೇ ಬದಲಾವಣೆ

ನಾವು ಮಾಡಿದ್ದನ್ನು ಗಮನಿಸಿದಿರಾ? ಲ್ಯಾಪ್‌ಟಾಪ್ ಬದಲಿಸಿದಾಗ ಕೇಬಲ್ ಅದೇ ಇತ್ತು. ಕೇಬಲ್ ಬದಲಿಸಿದಾಗ ಪ್ರೊಜೆಕ್ಟರ್ ಅದೇ ಇತ್ತು. ವಿಜ್ಞಾನದ ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಡಬೇಕು ಎನ್ನುತ್ತೇವಲ್ಲ, ಅದೇ ಕ್ರಮ. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ದಾಸವಾಳ ಕೆಂಪಾಗುತ್ತಿತ್ತು ನಿಜ, ಆದರೆ ಯಾವುದರಿಂದ ಎಂದು ಗೊತ್ತಾಗುತ್ತಿರಲಿಲ್ಲ.

ಯಾವ ಪೋರ್ಟ್ ಕೈಕೊಟ್ಟರೂ ಕೇಳಬೇಕಾದ ಪ್ರಶ್ನೆ ನಾಲ್ಕೇ. ಜೋಡಿಸಿದ ವಸ್ತು ಬೇರೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆಯೇ? ಬೇರೆ ಕೇಬಲಿನಲ್ಲಿ ನಡೆಯುತ್ತದೆಯೇ? ಇದೇ ಲ್ಯಾಪ್‌ಟಾಪಿನ ಇನ್ನೊಂದು ಪೋರ್ಟಿನಲ್ಲಿ ನಡೆಯುತ್ತದೆಯೇ? ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ ಮತ್ತೆ ಹಾಕಿದರೆ ನಡೆಯುತ್ತದೆಯೇ? ಉತ್ತರಗಳನ್ನು ಕಾಗದದಲ್ಲಿ ಬರೆಯುತ್ತಾ ಹೋಗಿ. ನೆನಪಿನ ಮೇಲೆ ನಂಬಿಕೆ ಬೇಡ.

ಎರಡನೆಯ ಚೀಟಿ: ದೀಪ ಉರಿಯುತ್ತದೆ, ಪೆನ್‌ಡ್ರೈವ್ ಕಾಣುವುದಿಲ್ಲ

ಎರಡನೆಯ ಲ್ಯಾಪ್‌ಟಾಪಿನ ಬಲಬದಿಯ ಯುಎಸ್‌ಬಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದೆವು. ಪೆನ್‌ಡ್ರೈವಿನ ಪುಟ್ಟ ದೀಪ ಉರಿಯಿತು. ಆದರೆ ಪರದೆಯಲ್ಲಿ ಏನೂ ಬರಲಿಲ್ಲ.

ಯುಎಸ್‌ಬಿ ಬಂದದ್ದು 1996ರಲ್ಲಿ. ಅದಕ್ಕೂ ಮೊದಲು ಮೌಸಿಗೆ ಒಂದು ತೂತು, ಪ್ರಿಂಟರಿಗೆ ಇನ್ನೊಂದು, ಮೋಡೆಮಿಗೆ ಮತ್ತೊಂದು. ಎಲ್ಲಕ್ಕೂ ಒಂದೇ ಬಾಗಿಲು ಸಾಕು ಎಂದು ಯೋಚಿಸಿದವರಲ್ಲಿ ಇಂಟೆಲ್ ಕಂಪೆನಿಯಲ್ಲಿದ್ದ ಅಜಯ್ ಭಟ್ ಪ್ರಮುಖರು. ಅವರು ಬರೋಡದಲ್ಲಿ ಎಂಜಿನಿಯರಿಂಗ್ ಓದಿದವರು.

ಯುಎಸ್‌ಬಿ ಪೋರ್ಟಿನೊಳಗೆ ಇಣುಕಿದರೆ ಪ್ಲಾಸ್ಟಿಕ್ಕಿನ ಒಂದು ಚಪ್ಪಟೆ ನಾಲಗೆ, ಅದರ ಮೇಲೆ ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಹೊರಗಿನ ಎರಡು ವಿದ್ಯುತ್ತಿಗೆ: ಒಂದು 5 ವೋಲ್ಟ್, ಇನ್ನೊಂದು ಗ್ರೌಂಡ್. ನಡುವಿನ ಎರಡು ಮಾಹಿತಿಗೆ. ಪೆನ್‌ಡ್ರೈವಿನ ತುದಿಯನ್ನು ಸರಿಯಾಗಿ ನೋಡಿ: ಹೊರಗಿನ ಎರಡು ಪಟ್ಟಿ ಸ್ವಲ್ಪ ಉದ್ದ, ನಡುವಿನದ್ದು ಗಿಡ್ಡ. ತುರುಕುವಾಗ ಮೊದಲು ವಿದ್ಯುತ್ತು ತಾಗಲಿ, ಆಮೇಲೆ ಮಾಹಿತಿ ಬರಲಿ ಎಂದು ಹಾಗೆ ಮಾಡಿದ್ದಾರೆ.

ಈಗ ನಮ್ಮ ಒಗಟು ಬಿಡಿಸಬಹುದು. ದೀಪ ಉರಿಯಿತು, ಅಂದರೆ ಹೊರಗಿನ ಎರಡು ಪಟ್ಟಿ ಸರಿ ಇವೆ. ನಡುವಿನ ಎರಡರಲ್ಲಿ ಒಂದಾದರೂ ತಾಗುತ್ತಿಲ್ಲ. ಇದು ಊಹೆ. ಊಹೆಯನ್ನು ಪರೀಕ್ಷಿಸಬೇಕಲ್ಲ?

ನಮ್ಮ ಶಾಲೆಯ ಲ್ಯಾಪ್‌ಟಾಪುಗಳಲ್ಲಿರುವುದು ಲಿನಕ್ಸ್. ಟರ್ಮಿನಲ್ ತೆರೆದು ಎಲ್, ಎಸ್, ಯು, ಎಸ್, ಬಿ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿದರೆ, ಯುಎಸ್‌ಬಿಗೆ ಸೇರಿದ ವಸ್ತುಗಳ ಪಟ್ಟಿ ಬರುತ್ತದೆ. ಏನೂ ಜೋಡಿಸದಿದ್ದರೂ ಕೆಲವು ಸಾಲು ಇರುತ್ತವೆ, ಅವು ಲ್ಯಾಪ್‌ಟಾಪಿನ ಒಳಗಿನವು. ಅದಕ್ಕೆ ಮೊದಲು ಪೆನ್‌ಡ್ರೈವ್ ಇಲ್ಲದೆ ಸಾಲುಗಳನ್ನು ಎಣಿಸಿ, ಆಮೇಲೆ ಹಾಕಿ ಇನ್ನೊಮ್ಮೆ ಎಣಿಸಿ. ಒಂದು ಸಾಲು ಹೆಚ್ಚಾದರೆ ಪೋರ್ಟು ಪೆನ್‌ಡ್ರೈವನ್ನು ಗುರುತಿಸಿದೆ, ತೊಂದರೆ ಪೆನ್‌ಡ್ರೈವಿನ ಫೈಲುಗಳಲ್ಲೋ ಸಾಫ್ಟ್‌ವೇರಿನಲ್ಲೋ ಇರಬಹುದು. ಸಾಲು ಹೆಚ್ಚಾಗದಿದ್ದರೆ ಸಂಪರ್ಕವೇ ಆಗಿಲ್ಲ. ನಮ್ಮಲ್ಲಿ ಬಲಬದಿಯ ಪೋರ್ಟಿನಲ್ಲಿ ಹಾಕುವ ಮೊದಲು ಐದು ಸಾಲು, ಹಾಕಿದ ಮೇಲೂ ಐದೇ. ಅದೇ ಪೆನ್‌ಡ್ರೈವನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿದಾಗ ಒಂದು ಸಾಲು ಹೆಚ್ಚಾಯಿತು. ಊಹೆ ಸರಿ.

ಲ್ಯಾಪ್‌ಟಾಪನ್ನು ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿಯನ್ನೂ ಕಳಚಿಟ್ಟೆವು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಪೋರ್ಟಿನ ಒಳಗೆ ಬ್ಯಾಗಿನ ನೂಲು, ಧೂಳು, ಪಟ್ಟಿಗಳ ಮೇಲೆ ಮಂಕು ಕಲೆ.

ನಮ್ಮ ಮಳೆ, ನಮ್ಮ ಕಿಲುಬು

ಈ ಮಂಕು ಕಲೆಗೂ ನಮ್ಮ ಊರಿಗೂ ಸಂಬಂಧ ಉಂಟು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಪಡುವಣದಲ್ಲಿ ಕಡಲು, ಗಾಳಿಯಲ್ಲಿ ಉಪ್ಪು. ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಬರುವ ಊರಲ್ಲಿ ಪೋರ್ಟಿನ ಲೋಹ ಸುಮ್ಮನೆ ಇದ್ದೀತೇ?

ಮನೆಯ ಹಿತ್ತಾಳೆ ದೀಪ, ತಾಮ್ರದ ಕೊಡಪಾನಕ್ಕೆ ಕಿಲುಬು ಹಿಡಿಯುವುದನ್ನು ನೋಡಿದ್ದೀರಿ. ತಾಮ್ರ, ಗಾಳಿಯ ಆಮ್ಲಜನಕ, ತೇವ, ಇಂಗಾಲದ ಡೈಆಕ್ಸೈಡ್ ಸೇರಿದಾಗ ಆಗುವ ಪದರ ಅದು. ಪೋರ್ಟಿನ ಪಟ್ಟಿಗಳೂ ತಾಮ್ರದ ಮಿಶ್ರಲೋಹವೇ. ಕಿಲುಬು ಬಾರದಿರಲಿ ಎಂದು ಮೇಲೆ ಚಿನ್ನದ ಲೇಪ ಕೊಡುತ್ತಾರೆ, ಯಾಕೆಂದರೆ ಚಿನ್ನ ಆಮ್ಲಜನಕದ ಜೊತೆ ಸುಲಭವಾಗಿ ಸೇರುವುದಿಲ್ಲ. ಆದರೆ ಆ ಲೇಪ ಸಾಮಾನ್ಯವಾಗಿ ಒಂದು ಮೈಕ್ರೋಮೀಟರಿಗಿಂತಲೂ ತೆಳು. ಹಾಕಿ ತೆಗೆದು ಹಾಕಿ ತೆಗೆದು ಅದು ಸವೆದಲ್ಲಿ ಕೆಳಗಿನ ಲೋಹ ಹೊರಬರುತ್ತದೆ, ಕಿಲುಬು ಕೂರುತ್ತದೆ. ಕಿಲುಬು ವಿದ್ಯುತ್ತಿಗೆ ಅಡ್ಡಗೋಡೆ.

"ಸರ್, ದೀಪಕ್ಕೆ ಹುಣಸೆಹುಳಿ ಹಾಕಿ ತಿಕ್ಕುವ ಹಾಗೆ ಇದಕ್ಕೂ ಮಾಡ್ಬಹುದಾ?" ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಹುಳಿಯ ಆಮ್ಲ ಕಿಲುಬನ್ನು ಕರಗಿಸುತ್ತದೆ ನಿಜ. ಆದರೆ ದೀಪವನ್ನು ಆಮೇಲೆ ನೀರಿನಲ್ಲಿ ತೊಳೆಯಬಹುದು, ಪೋರ್ಟನ್ನು ತೊಳೆಯಲಾಗುವುದಿಲ್ಲ. ಉಳಿದ ಆಮ್ಲ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅದಕ್ಕೆ ಬೇಕಾದದ್ದು ಬೇಗ ಆವಿಯಾಗಿ ಹೋಗುವ, ಏನನ್ನೂ ಉಳಿಸದ ದ್ರವ: ಐಸೊಪ್ರೊಪೈಲ್ ಆಲ್ಕೊಹಾಲ್. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಕಿ ಹಿಡಿಯುವ ವಸ್ತುವಾದ್ದರಿಂದ ದೊಡ್ಡವರು ಜೊತೆಗಿರಲೇಬೇಕು, ಕಿಟಕಿ ತೆರೆದಿರಬೇಕು.

ಮೃದುವಾದ ಒಣ ಬ್ರಷ್ಷಿನಿಂದ ಧೂಳು ತೆಗೆದೆವು. ಮತ್ತೆ ಬ್ರಷ್ಷಿನ ತುದಿಗೆ ಒಂದೆರಡು ಹನಿ ಆಲ್ಕೊಹಾಲ್ ಹಾಕಿ ಪಟ್ಟಿಗಳನ್ನು ಒರೆಸಿದೆವು. ಅರ್ಧ ಗಂಟೆ ಒಣಗಲು ಬಿಟ್ಟು, ಬ್ಯಾಟರಿ ಹಾಕಿ, ಪೆನ್‌ಡ್ರೈವ್ ತುರುಕಿ ಎಣಿಸಿದರೆ ಆರು ಸಾಲು! ಮಕ್ಕಳ ಬೊಬ್ಬೆ ಪಕ್ಕದ ತರಗತಿಗೂ ಕೇಳಿಸಿತು.

ಎಡಬದಿಯ ಪೋರ್ಟು ಮಾತ್ರ ಬದುಕಲಿಲ್ಲ. ಅದರ ನಾಲಗೆಯೇ ತುಂಡಾಗಿ ಪಟ್ಟಿಗಳು ಒಂದಕ್ಕೊಂದು ತಾಗುವ ಸ್ಥಿತಿಯಲ್ಲಿದ್ದವು. 5 ವೋಲ್ಟಿನ ಪಟ್ಟಿ ಗ್ರೌಂಡಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಸಾಮಾನ್ಯವಾಗಿ ಲ್ಯಾಪ್‌ಟಾಪು ಆ ಪೋರ್ಟಿನ ವಿದ್ಯುತ್ತನ್ನು ತಾನೇ ಕಡಿದು ತನ್ನನ್ನು ಕಾಪಾಡಿಕೊಳ್ಳುತ್ತದೆ, ಆದರೆ ಅದನ್ನು ಪದೇಪದೇ ಪರೀಕ್ಷಿಸುವುದು ಬುದ್ಧಿವಂತಿಕೆ ಅಲ್ಲ. ಅದರ ಬಾಯಿಗೆ ಟೇಪು ಅಂಟಿಸಿ "ಬಳಸಬೇಡಿ" ಎಂದು ಬರೆದೆವು. ಒಂದು ಬಾಗಿಲು ಮುಚ್ಚಿದರೂ ಲ್ಯಾಪ್‌ಟಾಪು ಕೆಲಸಕ್ಕೆ ಬಂತು.

ಶಾಲೆಯ ಪೋರ್ಟು ಬೇಗ ಸವೆಯುವುದು ಯಾಕೆ?

ಒಂದು ಲೆಕ್ಕ ಮಾಡೋಣ. ಸಾಮಾನ್ಯ ಚಪ್ಪಟೆ ಯುಎಸ್‌ಬಿ ಪೋರ್ಟು ಕನಿಷ್ಠ 1500 ಸಲ ಹಾಕಿ ತೆಗೆಯುವುದನ್ನು ತಾಳಬೇಕು ಎಂಬುದು ಅದರ ಮಾನದಂಡ. ಮನೆಯಲ್ಲಿ ದಿನಕ್ಕೆ ಒಂದು ಸಲ ಬಳಸಿದರೆ ನಾಲ್ಕು ವರ್ಷಕ್ಕಿಂತ ಹೆಚ್ಚು ಬಂತು. ಶಾಲೆಯ ಲ್ಯಾಬಿನಲ್ಲಿ ದಿನಕ್ಕೆ ಹತ್ತು ಸಲ ಎಂದಿಟ್ಟುಕೊಳ್ಳಿ: 150 ದಿನದಲ್ಲಿ ಮುಗಿಯಿತು! ಒಂದು ಶಾಲಾ ವರ್ಷವೂ ತುಂಬುವುದಿಲ್ಲ. 1500 ದಾಟಿದ ಕೂಡಲೇ ಹಾಳಾಗುತ್ತದೆ ಎಂದಲ್ಲ, ಆದರೆ ಸಡಿಲವಾಗುವ ಕಾಲ ಶುರುವಾಯಿತು ಎಂದರ್ಥ. 2014ರಲ್ಲಿ ಬಂದ ಟೈಪ್ ಸಿ ಪೋರ್ಟಿನ ಮಾನದಂಡ 10,000 ಸಲ. ಅದನ್ನು ಯಾವ ಕಡೆಯಿಂದ ಹಾಕಿದರೂ ಆಗುತ್ತದೆ, ತಿರುಗಿಸಿ ಒತ್ತಿ ಮುರಿಯುವ ಭಯ ಕಡಿಮೆ.

ಉಪಾಯ ಸುಲಭ. ಲ್ಯಾಪ್‌ಟಾಪಿನ ಪೋರ್ಟಿಗೆ ಸಣ್ಣ ಎಕ್ಸ್‌ಟೆನ್ಶನ್ ಕೇಬಲ್ ಒಂದನ್ನು ಹಾಕಿ ಹಾಗೆಯೇ ಬಿಡಿ. ಪೆನ್‌ಡ್ರೈವ್ ಹಾಕುವುದು, ತೆಗೆಯುವುದು ಎಲ್ಲ ಆ ಕೇಬಲಿನ ತುದಿಗೆ. ಸವೆದರೆ ಕೇಬಲ್ ಸವೆಯಲಿ, ಅದನ್ನು ಬದಲಿಸುವುದು ಸುಲಭ.

ಮೂರನೆಯ ಚೀಟಿ: ನಾವು ಮುಟ್ಟದೆ ಬಿಟ್ಟದ್ದು

ಮೂರನೆಯ ಲ್ಯಾಪ್‌ಟಾಪಿನಲ್ಲಿ ಚಾರ್ಜರಿನ ಪಿನ್ನನ್ನು ಒಂದು ಬದಿಗೆ ಒತ್ತಿ ಹಿಡಿದರೆ ಚಾರ್ಜ್ ಆಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೇರೆ ಚಾರ್ಜರ್ ಹಾಕಿದರೂ ಅದೇ ಕತೆ. ಹಾಗಾದರೆ ತಪ್ಪು ಪೋರ್ಟಿನದ್ದು. ಒಳಗಿನ ಬೆಸುಗೆ ಬಿಟ್ಟಿರಬೇಕು.

"ಒಂದು ಕಾಗದ ಮಡಚಿ ಸಿಕ್ಕಿಸಿದ್ರೆ ಸರಿಯಾಗ್ತದೆ ಸರ್" ಎಂದನೊಬ್ಬ. ಬೇಡ ಎಂದೆ. ಯಾಕೆಂದು ಹತ್ತನೆಯ ತರಗತಿಯವರು ಬೋರ್ಡಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ಚಾರ್ಜರ್ 65 ವಾಟ್, 19 ವೋಲ್ಟ್. 65ನ್ನು 19ರಿಂದ ಭಾಗಿಸಿದರೆ ಸುಮಾರು 3.4 ಆಂಪಿಯರ್. ಸಡಿಲ ಜಾಗದಲ್ಲಿ ಅರ್ಧ ಓಮ್ ಪ್ರತಿರೋಧ ಇದೆ ಎಂದುಕೊಳ್ಳಿ. ಜೂಲ್ ನಿಯಮದ ಪ್ರಕಾರ ವಿದ್ಯುತ್ ಪ್ರವಾಹದ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ ಸುಮಾರು 5.8 ವಾಟ್. ಸಣ್ಣ ಎಲ್‌ಇಡಿ ಬಲ್ಬಿನಷ್ಟು ವಿದ್ಯುತ್ತು, ಕಡಲೆಕಾಳಿನಷ್ಟು ಜಾಗದಲ್ಲಿ, ಬರೀ ಶಾಖವಾಗಿ! ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹಿಡಿದೀತು. ಕಾಗದ ಸಿಕ್ಕಿಸುವುದೆಂದರೆ ಬೆಂಕಿಗೆ ಕಡ್ಡಿ ಇಟ್ಟಂತೆ.

ಅದನ್ನು ರಿಪೇರಿಯವರಿಗೆ ಕೊಟ್ಟೆವು. ಏನು ಮಾಡಬೇಕೆಂದು ತಿಳಿಯುವುದು ಒಂದು ವಿದ್ಯೆ, ಎಲ್ಲಿ ಕೈ ಹಾಕಬಾರದೆಂದು ತಿಳಿಯುವುದು ಇನ್ನೊಂದು.

ಉಳಿದ ಎರಡು ತೂತುಗಳ ಬಗ್ಗೆ

ಇಂಟರ್ನೆಟ್ ಕೇಬಲಿನ ಚೌಕ ಪೋರ್ಟಿನಲ್ಲಿ ಎಂಟು ಸಪೂರ ತಂತಿಗಳು. ಕೇಬಲ್ ಹಾಕಿದಾಗ ಪಕ್ಕದ ಪುಟ್ಟ ದೀಪ ಉರಿಯದಿದ್ದರೆ ಮೊದಲು ನೋಡಬೇಕಾದದ್ದು ಕೇಬಲಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ. ಅದು ತುಂಡಾದರೆ ಕೇಬಲ್ ತಾನಾಗಿ ಹಿಂದೆ ಸರಿಯುತ್ತದೆ. ನೆಟ್ ಇದೆ ಆದರೆ ತೀರಾ ನಿಧಾನ ಎಂದಾದರೆ, ಎಂಟರಲ್ಲಿ ಯಾವುದೋ ತಂತಿ ತಾಗದೆ ಇರಬಹುದು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ನಾಲ್ಕು ತಂತಿ ಸಾಕು, 1000ಕ್ಕೆ ಎಂಟೂ ಬೇಕು.

ಇಯರ್‌ಫೋನ್ ತೆಗೆದ ಮೇಲೂ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಸ್ವರ ಬರುವುದಿಲ್ಲವೇ? ಆ ತೂತಿನೊಳಗೆ ಇಯರ್‌ಫೋನ್ ಇದೆಯೋ ಇಲ್ಲವೋ ಎಂದು ತಿಳಿಸುವ ಸಣ್ಣ ಸ್ವಿಚ್ ಉಂಟು. ಅದು ಸಿಕ್ಕಿಹಾಕಿಕೊಂಡರೆ ಲ್ಯಾಪ್‌ಟಾಪು ಇಯರ್‌ಫೋನ್ ಇನ್ನೂ ಇದೆ ಎಂದೇ ತಿಳಿಯುತ್ತದೆ. ನಾಲ್ಕೈದು ಸಲ ಇಯರ್‌ಫೋನ್ ಹಾಕಿ ತೆಗೆದರೆ ಎಷ್ಟೋ ಸಲ ಬಿಡುತ್ತದೆ.

ನೆನಪಿಡಿ

• ಪೋರ್ಟಿಗೆ ಕೈ ಹಾಕುವ ಮೊದಲು ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ತೆಗೆಯಿರಿ.
• ಸೂಜಿ, ಗುಂಡುಪಿನ್ನು, ಹೇರ್‌ಪಿನ್ನು ಬೇಡ. ಲೋಹ ತಾಗಿದರೆ ಶಾರ್ಟ್ ಆದೀತು.
• ನೀರು, ತೆಂಗಿನೆಣ್ಣೆ, ಪೆಟ್ರೋಲ್, ಹುಳಿ ಯಾವುದೂ ಬೇಡ. ಬಾಯಲ್ಲಿ ಊದಬೇಡಿ, ಉಸಿರಿನಲ್ಲೂ ತೇವ ಉಂಟು.
• ಕೇಬಲನ್ನು ತಂತಿ ಹಿಡಿದು ಎಳೆಯಬೇಡಿ, ತುದಿಯ ಗಟ್ಟಿ ಭಾಗ ಹಿಡಿದು ನೇರವಾಗಿ ತೆಗೆಯಿರಿ.
• ವಾರಂಟಿ ಇರುವ ಲ್ಯಾಪ್‌ಟಾಪಿನ ಮುಚ್ಚಳ ಬಿಚ್ಚಬೇಡಿ. ಟೀಚರಿಗೆ ಹೇಳಿ ದೂರು ದಾಖಲಿಸಿ.
• ಸುಟ್ಟ ವಾಸನೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಲಿ.

ನೀವೇ ಮಾಡಿ ನೋಡಿ: ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಹಸಿರು ಗಾಜುಕಾಗದವನ್ನು ಎರಡು ಮೂರು ಪದರ ಕಟ್ಟಿ, ಕೆಂಪು ದಾಸವಾಳದ ಮೇಲೆ ಬೆಳಕು ಹಾಯಿಸಿ. ಏನು ಕಂಡಿತು? ಎಲೆ ಹೇಗೆ ಕಂಡಿತು? ಯಾಕೆ? ಉತ್ತರವನ್ನು ವಿಜ್ಞಾನ ಪುಸ್ತಕದಲ್ಲಿ ಬರೆದಿಡಿ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಹದಿಮೂರು ಲ್ಯಾಪ್‌ಟಾಪು ನಡೆದವು. ಕೊನೆಯ ಬ್ಯಾಚು ಬಸ್ಸಿಗೆ ಹತ್ತು ನಿಮಿಷ ಇರುವಾಗ ಮುಗಿಯಿತು. ಬ್ಯಾಗು ಹೆಗಲಿಗೇರಿಸಿ ಓಡುತ್ತಿದ್ದ ಮಕ್ಕಳನ್ನು ಕಿಟಕಿಯಿಂದ ನೋಡುತ್ತಾ, ಗುಜರಿಯ ಪಟ್ಟಿ ಬರೆದಿಟ್ಟಿದ್ದ ಕಾಗದವನ್ನು ತೆಗೆದು ಎರಡು ಸಾಲಿಗೆ ಗೆರೆ ಎಳೆದೆ. ಇನ್ನು ಮುಂದೆ ಚೀಟಿ ಅಂಟಿಸುವ ಮೊದಲು ಕೇಬಲನ್ನು ಬದಲಿಸಿ ನೋಡುತ್ತೇನೆ. ನೀವೂ ಹಾಗೇ ಮಾಡಿ.